ನಮ್ಮತ್ತೆಯ ಬಸುರಿ ಆಮೆಗಳು

ನಮ್ಮ ಸೋದರತ್ತೆಯ ಉಸ್ತುವಾರಿಯಲ್ಲಿ ಈಗ ಹತ್ತಾರು ಬಸುರಿಯರಿದ್ದಾರೆ. ಒಬ್ಬಳ ಬಾಯಲ್ಲೂ ಹಲ್ಲಿಲ್ಲ! ಗಾಬರಿಯಾಗಬೇಡಿ, ಅವರೆಲ್ಲ ಆಸ್ಟ್ರೇಲಿಯಾದ ಆಮೆಗಳು. ಅತ್ತೆ ಇರುವುದು ಅಮೆರಿಕದ ನಾರ್ತ್‌ವಿಲ್‌ನಲ್ಲಿ, ನಡುವೆ ಇಡೀ ಒಂದು ಮಹಾಸಾಗರವಿದೆ. ಆದರೂ ಬೆಳಗ್ಗೆ ಕಾಫಿಗೂ ಮೊದಲು ಅವರು ವಿಚಾರಿಸುವುದು ಆಮೆಗಳ ಆರೋಗ್ಯ. ನನ್ನ ಮಂಡಿನೋವನ್ನು ಒಂದು ದಿನವಾದರೂ ವಿಚಾರಿಸಿದ್ದಾರೆಯೇ? ಇಲ್ಲ!

ಅತ್ತೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಬಸುರಿಯರಿಗೆ ಸ್ಕ್ಯಾನ್ ಮಾಡುವ ಟೆಕ್ನಿಷಿಯನ್ ಆಗಿದ್ದು ನಿವೃತ್ತರಾದವರು. ಪಕ್ಕದ ಮನೆಯ ಹುಡುಗಿ ಆಮೆಗಳ ಸಂಶೋಧನೆಗೆಂದು ಆಸ್ಟ್ರೇಲಿಯಾಕ್ಕೆ ಹೋಗಿದ್ದಳು. ಅವಳ ತಾಯಿ, ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಒಂದು ಪಾಟ್‌ಲಕ್‌ನಲ್ಲಿ, ಮಗಳು ತೆಗೆದ ಆಮೆಯ ಸ್ಕ್ಯಾನ್ ಚಿತ್ರವನ್ನು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದರು. ಎಲ್ಲರೂ "ವಾವ್" ಎಂದರು. ಅತ್ತೆ ಮಾತ್ರ ಕನ್ನಡಕ ಏರಿಸಿ, "ಸ್ಕ್ಯಾನಿನ ಪ್ರೋಬ್ ಹಿಡಿಯೋದೇ ಗೊತ್ತಿಲ್ವಲ್ರೀ ನಿಮ್ಮ ಮಗಳಿಗೆ!" ಎಂದರು. ಅವತ್ತೇ ಹುಡುಗಿಗೆ ಫೋನ್ ಹೋಯಿತು. ಅಲ್ಲಿಂದ ಶುರು.

ವಿಷಯ ತಮಾಷೆಯದಲ್ಲ. ಆ ಜಾತಿಯ ಆಮೆ ಪ್ರಪಂಚದಲ್ಲಿ ಇರುವುದು ಒಂದೇ ಒಂದು ನದಿಯಲ್ಲಿ. ಅಲ್ಲಿಗೆ ರೋಗ ಬಂದು ದೊಡ್ಡ ಆಮೆಗಳನ್ನೆಲ್ಲ ಬಳಿದುಕೊಂಡು ಹೋಯಿತಂತೆ. ಉಳಿದ ಕೆಲವನ್ನು ತೊಟ್ಟಿಯಲ್ಲಿ ಸಾಕಿ, ಮರಿ ಮಾಡಿಸಿ, ಮರಿಗಳನ್ನು ನದಿಗೆ ಬಿಟ್ಟಿದ್ದರು. ಹಾಗೆ ಬಿಟ್ಟವಳು ಒಬ್ಬಳಾದರೂ ನದಿಯಲ್ಲೇ ಬೆಳೆದು ಬಸುರಾದರೆ ವಂಶ ಉಳಿಯಿತು. ಇಲ್ಲವಾದರೆ ಅಷ್ಟೇ.

ಆಮೆಯ ಚಿಪ್ಪಿನ ಮೂಲಕ ಸ್ಕ್ಯಾನ್ ಆಗುವುದಿಲ್ಲ. ಹಿಂಗಾಲಿನ ಮುಂದೆ ಮೆತ್ತಗಿರುವ ಜಾಗ ಹುಡುಕಬೇಕು. ಇದನ್ನು ಹುಡುಗಿಗೆ ವಿಡಿಯೋ ಕಾಲ್‌ನಲ್ಲಿ ಕಲಿಸಲು ಅತ್ತೆಗೆ ಒಂದು ಆಮೆ ಬೇಕಾಯಿತು. ನಮ್ಮ ಊರಾದ ಬೋಲಿಂಗ್‌ಬ್ರೂಕ್‌ನಿಂದ ಇನ್ನೂರೈವತ್ತು ಮೈಲಿ ಡ್ರೈವ್ ಮಾಡಿಕೊಂಡು ನಾನು ಸಿಕ್ಕಿದೆ! ಕಾರ್ಪೆಟ್ ಮೇಲೆ ಬೋರಲು ಮಲಗಿಸಿ, ಬೆನ್ನ ಮೇಲೆ ಬಾಣಲೆ ಕವುಚಿ, ಸೊಂಟಕ್ಕೆ ಬೆರಳಿಂದ ತಿವಿದರು. ನಾನು ಕಿರುಚಿಕೊಂಡೆ.

"ಆಮೆ ಹೀಗೆ ಕಿರುಚಲ್ಲ ಕಣೋ, ಸುಮ್ನಿರು!"

ಸ್ಕ್ಯಾನಿಗೆ ಹಚ್ಚುವ ಜೆಲ್ಲನ್ನು ಬೆಚ್ಚಗೆ ಮಾಡಬೇಕೆಂಬುದು ಅವರ ಇನ್ನೊಂದು ಹಟ. "ಬಸುರಿಗೆ ತಣ್ಣಗಿರೋದನ್ನ ಹಚ್ತಾರೇನೆ?"

"ಬಟ್ ಆಂಟಿ, ಶಿ ಈಸ್ ಕೋಲ್ಡ್ ಬ್ಲಡೆಡ್!"

"ಅದಕ್ಕೇ ಹೇಳಿದ್ದು, ಪಾಪ, ಮೊದಲೇ ಚಳೀಲಿರ್ತಾಳೆ!"

ಹುಡುಗಿ ತೆಪ್ಪಗೆ ಜೆಲ್ ಬೆಚ್ಚಗೆ ಮಾಡತೊಡಗಿದಳು.

ಕಳೆದ ವರ್ಷ ನಮ್ಮನೆಗೆ ಬಂದ ಅತ್ತೆ, ತೊಟ್ಟಿಯ ಆಮೆಯೊಂದರ ಸ್ಕ್ಯಾನ್ ಚಿತ್ರವನ್ನು ನಮ್ಮ ಫ್ರಿಜ್‌ಗೆ ಅಂಟಿಸಿ ಹೋದರು. ಎರಡು ದಿನದ ಮೇಲೆ ಎದುರು ಮನೆಯ ಹುಬ್ಬಳ್ಳಿಯ ಆಂಟಿ, ತುಪ್ಪ ಸುರಿದ ಗೋಧಿ ಹುಗ್ಗಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು. ಕಣ್ಣಲ್ಲಿ ನೀರು!

"ನಮ್ಮ ಮುಂದನೂ ಮುಚ್ಚಿಡ್ತೀರೇನ್ರೀ? ಮೊನ್ನೆ ಸಕ್ಕರಿ ಕೇಳಾಕ ಬಂದಾಗ ಫ್ರಿಜ್ ಮ್ಯಾಲಿನ ಫೋಟೋ ನೋಡೇನಿ ನಾ. ಮೂರು ಅದಾವಲ್ರೀ! ಈ ವಯಸ್ಸಿನ್ಯಾಗ!"

ನನ್ನ ಹೆಂಡತಿಗೆ ಐವತ್ತೆರಡು, ಮಗನಿಗೆ ಕಾಲೇಜು ಮುಗಿದಿದೆ. ಅವಳು ಕೆಂಪಗಾಗಿ, "ಅಯ್ಯೋ ಆಂಟಿ, ಅದು ಆಮೆ! ಅವು ಮೊಟ್ಟೆಗಳು!" ಎಂದಳು.

ಆಂಟಿ ಅರೆಕ್ಷಣ ಯೋಚಿಸಿ ಡಬ್ಬಿಯನ್ನು ಅವಳ ಕೈಗಿಟ್ಟರು. "ಆಮಿ ಆದ್ರೇನಾತು? ಬಸುರಿ ಬಸುರೀನ! ಆಕಿ ಹೆಸರಿಲೆ ನೀವ ತಿನ್ರಿ."

ತಿಂದೆವು. ಮಾರನೆಯ ವಾರ ಡಬ್ಬಿ ವಾಪಸು ಕೊಟ್ಟಾಗ, "ಬಾಣಂತಿ ಹೆಂಗದಾಳ?" ಎಂದು ಕೇಳಿದರು.

ಈ ವರ್ಷ ಒಂದು ಶನಿವಾರ ಸಂಜೆ ನಾನು ನಾರ್ತ್‌ವಿಲ್‌ನಲ್ಲೇ ಇದ್ದೆ. ಆಸ್ಟ್ರೇಲಿಯಾದಲ್ಲಿ ಆಗಲೇ ಭಾನುವಾರದ ಬೆಳಗ್ಗೆ. ನದೀತೀರದಿಂದ ಹುಡುಗಿಯ ಕಾಲ್ ಬಂತು. ಮರಿಯಾಗಿದ್ದಾಗ ನದಿಗೆ ಬಿಟ್ಟ ಹೆಣ್ಣೊಂದು ಬೆಳೆದು ಬಲೆಗೆ ಸಿಕ್ಕಿದೆ, ಆಂಟಿ ನೋಡಬೇಕು. ಅತ್ತೆ ಪರದೆಗೆ ಮುಖ ಕೊಟ್ಟು, "ಸ್ವಲ್ಪ ಮೇಲೆ... ತಿರುಗಿಸು... ನಿಲ್ಲು" ಎಂದರು. ಆಮೇಲೆ ಮಾತಿಲ್ಲ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಆಂಟಿ? ಪ್ಲೀಸ್, ಸೇ ಸಮ್‌ಥಿಂಗ್!"

ಅತ್ತೆ ಪರದೆಯ ಮೇಲೆ ಬೆರಳಿಟ್ಟರು. "ಮೊಟ್ಟೆ ಇದೆ ಕಣೇ. ಎಣಿಸೋಕೆ ಆಗ್ತಿಲ್ಲ, ಒಂದರ ಮೇಲೊಂದು ಕೂತಿವೆ. ಮೊದಲು ಅವಳನ್ನ ನೀರಿಗೆ ಬಿಡು, ಸುಸ್ತಾಗಿರ್ತಾಳೆ."

ಅಲ್ಲಿ ಹುಡುಗಿ ನಗುತ್ತಾ ಅಳುತ್ತಿದ್ದಳು. ಕಾಲ್ ಮುಗಿದ ಮೇಲೆ ನಾನು ರೇಗಿಸಿದೆ: "ಏನತ್ತೆ, ಜೀವಾನೇ ತೆಗೆದ್ರಲ್ಲ! ಒಳ್ಳೆ ಸುದ್ದಿ ಹೇಳೋಕೆ ಅಷ್ಟು ಹೊತ್ತು ಬೇಕಾ?"

ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಅಭ್ಯಾಸ ಕಣೋ. ಮಗು ಇದ್ಯೋ ಹೋಗಿದ್ಯೋ, ಮೊದಲು ಕಾಣೋದು ನಂಗೇ. ಆದ್ರೆ ನಾನು ಹೇಳೋ ಹಾಗಿರ್ಲಿಲ್ಲ. ಡಾಕ್ಟರ್ ಬಂದು ಹೇಳ್ತಾರೆ ಅನ್ಬೇಕು, ಮುಖ ಕಲ್ಲು ಮಾಡ್ಕೋಬೇಕು. ಪಾಪ, ಆ ತಾಯಂದಿರು ಸ್ಕ್ರೀನ್ ನೋಡ್ತಾನೇ ಇರ್ಲಿಲ್ಲ, ನನ್ನ ಮುಖಾನೇ ನೋಡ್ತಾ ಮಲಗಿರ್ತಿದ್ರು."

ನಾನು ಅವರ ಕೈ ಹಿಡಿದುಕೊಂಡೆ.

"ಇವತ್ತು ನಾನೇ ಹೇಳ್ದೆ" ಎಂದರು ಅತ್ತೆ.