ಬೋರ್ಡಿನ ತುಂಬ ಹಿಗ್ಗಿದ ಹೃದಯ

ಗೆ,
ಮಾನ್ಯ ತರಬೇತಿ ನಿರ್ದೇಶಕರು,
ಬೆರಳಂಚು ಡಿಜಿಟಲ್ ಬೋಧನಾ ಪ್ರತಿಷ್ಠಾನ,
ರಾಯಾಪುರ, ಹುಬ್ಬಳ್ಳಿ-ಧಾರವಾಡ ರಸ್ತೆ.

ವಿಷಯ: ಬರುವ ಶನಿವಾರ ನಮ್ಮ ಶಾಲೆಯ ಸ್ಮಾರ್ಟ್ ಬೋರ್ಡನ್ನು ಬಿಚ್ಚಿಕೊಂಡು ಹೋಗಲು ತಾವು ತೋರಿರುವ ಕಾಳಜಿಗೆ ಕೃತಜ್ಞತೆ ಸಲ್ಲಿಸಿ, ಅದನ್ನು ಇದ್ದಲ್ಲೇ ಬಿಡಬೇಕೆಂದು ಬೇಡಿಕೊಳ್ಳುವ ಬಗ್ಗೆ.

ಮಾನ್ಯರೇ,

ತಾವೂ, ತಮ್ಮ ಸಿಬ್ಬಂದಿಯವರೂ, ತಮ್ಮೆಲ್ಲರ ಲ್ಯಾಪ್‌ಟಾಪುಗಳೂ ನೂರಕ್ಕೆ ನೂರು ಚಾರ್ಜಿನಲ್ಲಿದ್ದು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಗಬ್ಬೂರ ಬೈಪಾಸಿನ ಆಚೆಗಿರುವ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ವಿಜ್ಞಾನ ಕಲಿಸುತ್ತ, ಸೀಮೆಸುಣ್ಣವನ್ನು ಅರ್ಧ ಬೋರ್ಡಿಗೂ ಅರ್ಧ ಸೀರೆಗೂ ಹಂಚುತ್ತ ಬಂದಿರುವ ನಾನು, ತಮಗೆ ಲಕೋಟೆಯೊಳಗೆ ಗುಟ್ಟಾಗಿ ಬರೆಯದೆ ಹೀಗೆ ನಾಲ್ಕು ಜನ ಓದುವಂತೆ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಕೋರುತ್ತೇನೆ. ಇದಕ್ಕೂ ಮುಂಚೆ ಮೂರು ಪತ್ರಗಳನ್ನು ತಮ್ಮ ಪೋರ್ಟಲ್ಲಿಗೆ ಹಾಕಿದ್ದೆ. ಮೂರಕ್ಕೂ, ನಾನು ಗುಂಡಿಯ ಮೇಲಿಂದ ಬೆರಳು ತೆಗೆಯುವುದರೊಳಗೆ, ನನ್ನ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಹೇಳುವ ಉತ್ತರ ಬಂದಿತು. ಇಷ್ಟು ಲಗುಬಗೆಯಿಂದ ಓದಿ ಉತ್ತರಿಸುವ ಕಚೇರಿಯನ್ನು ನನ್ನ ಇಡೀ ಸೇವೆಯಲ್ಲಿ ಕಂಡಿರಲಿಲ್ಲ.

ತಮ್ಮ ಕಳೆದ ವಾರದ ಪತ್ರ ತಲುಪಿದೆ. ಅದರ ತರ್ಕವನ್ನು ನಮ್ಮ ಮುಖ್ಯಾಧ್ಯಾಪಕರಾದ ದ್ಯಾಮಣ್ಣ ಸರ್ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದ ಮೇಲೆ ನನಗೆ ತಿಳಿಯಿತು. ಬೋರ್ಡು ಹೊಸದು, ಆದ್ದರಿಂದ ಅದರಲ್ಲಿ ದೋಷವಿಲ್ಲ. ತರಬೇತಿ ಅತ್ಯುತ್ತಮವೆಂದು ಶಿಕ್ಷಕರೇ ಸಹಿ ಮಾಡಿ ಕೊಟ್ಟಿದ್ದಾರೆ, ಆದ್ದರಿಂದ ಅದರಲ್ಲೂ ದೋಷವಿಲ್ಲ. ಉಳಿದವರು ಶಿಕ್ಷಕರು ಮಾತ್ರ. ಹೀಗಾಗಿ "ಶಿಕ್ಷಕರ ಅಸಾಮರ್ಥ್ಯ" ಎಂಬ ಕಾರಣ ನಮೂದಿಸಿ, ಶನಿವಾರ ಬೋರ್ಡನ್ನು ಗೋಡೆಯಿಂದ ಇಳಿಸಿ, ಅದನ್ನು ಬಳಸಬಲ್ಲ ಬೇರೊಂದು ಶಾಲೆಗೆ ಒಯ್ಯುವುದೆಂದು ತಾವು ತೀರ್ಮಾನಿಸಿದ್ದೀರಿ. ಆ ಸಹಿಗಳಲ್ಲಿ ಒಂದು ನನ್ನದು, ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಯಾವ ಗಳಿಗೆಯಲ್ಲಿ ಮಾಡಿದೆನೆಂದು ವಿವರಿಸಲು ಅಪ್ಪಣೆ ಕೊಡಬೇಕು.

ಜುಲೈ ತಿಂಗಳಲ್ಲಿ ತಮ್ಮ ಸಭಾಭವನದಲ್ಲಿ ನಡೆದ ಐದು ದಿನಗಳ ತರಬೇತಿಯನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಮೊದಲ ದಿನ ಉದ್ಘಾಟನೆಗೆ ಬಂದ ಗಣ್ಯರು ದೀಪ ಹಚ್ಚಿದರು. ಸರಸ್ವತಿಯ ಫೋಟೋಕ್ಕೆ ಒಂದು, ಗೋಡೆಯ ಮೇಲಿನ ಸ್ಮಾರ್ಟ್ ಬೋರ್ಡಿಗೆ ಒಂದು ಚೆಂಡುಹೂವಿನ ಮಾಲೆ ಹಾಕಿದರು. ಫೋಟೋಗ್ರಾಫರನ ಫ್ಲ್ಯಾಶ್ ಕೈಕೊಟ್ಟಿದ್ದರಿಂದ ತೆಗೆದು ಇನ್ನೊಮ್ಮೆ ಹಾಕಿದರು. ಬೋರ್ಡಿನ ಮಾಲೆ ಎಷ್ಟು ಧಾರಾಳವಾಗಿತ್ತೆಂದರೆ ಎರಡೂ ಬದಿಯಿಂದ ಇಳಿದು ಕೆಳಗಿನ ಚೌಕಟ್ಟನ್ನು ಮುಟ್ಟುತ್ತಿತ್ತು. ಗಿರ್ಮಿಟ್ ಮತ್ತು ಚಹಾ ಆದ ಮೇಲೆ, ಅಂದರೆ ಮೊದಲ ದಿನ ಬೆಳಿಗ್ಗೆ ಹನ್ನೊಂದೂವರೆಗೆ, ತರಬೇತಿ ಹೇಗಿತ್ತು ಎಂದು ಕೇಳುವ ಫಾರ್ಮುಗಳನ್ನು ನಮ್ಮ ಕೈಗೆ ಕೊಡಲಾಯಿತು. ಇನ್ನೂ ಶುರುವೇ ಆಗಿಲ್ಲವಲ್ಲ ಎಂದು ನಾನು ಮೆಲ್ಲಗೆ ಕೇಳಿದಾಗ ತಮ್ಮ ಸಂಪನ್ಮೂಲ ವ್ಯಕ್ತಿಗಳಾದ ಕುಮಾರಸ್ವಾಮಿ ಸರ್, "ಈಗ ಬರದು ಕೊಟ್ಟುಬಿಡ್ರಿ ಮೇಡಂ, ಕಡೀ ದಿನ ಎಲ್ಲಾರಿಗೂ ಬಸ್ಸಿನ ಗಡಿಬಿಡಿ ಇರ್ತೈತಿ" ಎಂದು ಬಹಳ ಪ್ರೀತಿಯಿಂದ ಹೇಳಿದರು. ಗಿರ್ಮಿಟ್ ನಿಜಕ್ಕೂ ಅತ್ಯುತ್ತಮವಾಗಿತ್ತು. ನನ್ನ ಮುಂದಿದ್ದ ಅನುಭವ ಅಷ್ಟೇ ಆದ್ದರಿಂದ ಅಷ್ಟಕ್ಕೆ ಸಹಿ ಮಾಡಿದೆ.

ಆಮೇಲೆ ಕುಮಾರಸ್ವಾಮಿ ಸರ್ ಬೋರ್ಡಿನ ಎದುರು ನಿಂತು ಅದನ್ನು ಮುಟ್ಟಿದರು. ಅದು ಮಾತು ಕೇಳಲಿಲ್ಲ. ಇನ್ನೊಮ್ಮೆ ಮುಟ್ಟಿದರು, ಒತ್ತಿದರು, ಸವರಿದರು, ಪೆನ್ನಿನ ಹಿಂಬದಿಯಿಂದ ತಿವಿದರು. ಬೋರ್ಡು ತನಗೆ ತೋಚಿದ್ದನ್ನು ಮಾಡಿತು. "ಸರ್ವರ್ ಡೌನ್ ಐತ್ರಿ, ನಾಳೆ ನೋಡೂಣು" ಎಂದರು. ನಾಳೆಯೂ ಸರ್ವರ್ ಡೌನ್ ಇತ್ತು, ನಾಡಿದ್ದೂ ಇತ್ತು. ಆದರೆ ಅವರು ಎದೆಗುಂದುವ ಪೈಕಿಯವರಲ್ಲ. ಪಕ್ಕದ ಬಿಳಿ ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟು, ಸ್ಮಾರ್ಟ್ ಬೋರ್ಡಿನ ಇತಿಹಾಸ, ಮಹತ್ವ, ಧ್ಯೇಯೋದ್ದೇಶ, ಎಂಟು ಲಾಭ ಮತ್ತು ಹನ್ನೆರಡು ಆಯಾಮಗಳನ್ನು ನೂರ ಎಂಬತ್ತೇಳು ಸ್ಲೈಡುಗಳಲ್ಲಿ ಓದಿ ಹೇಳಿದರು. ಅಕ್ಷರ ಬಲ್ಲ ಅರವತ್ತು ಜನ ಶಿಕ್ಷಕರಿಗೆ ಗೋಡೆಯ ಮೇಲಿನ ಅಕ್ಷರಗಳನ್ನು ಐದು ದಿನ ಓದಿ ಹೇಳುವ ತಾಳ್ಮೆ ಸಾಮಾನ್ಯದ್ದಲ್ಲ. ಅರವತ್ತು ಜನರಲ್ಲಿ ಒಬ್ಬರೂ ಬೋರ್ಡನ್ನು ಮುಟ್ಟಲಿಲ್ಲ. ಕೊನೆಯ ದಿನ ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಪ್ರಮಾಣಪತ್ರದೊಂದಿಗೆ ಒಂದೊಂದು ಪೇಡೆ ಹಿಡಿದುಕೊಂಡು ಬಸ್ಸು ಹತ್ತಿದೆವು.

ಮಾನ್ಯರೇ, ಪ್ರಯೋಗದ ಮೂಲಕ ಕಲಿತದ್ದು ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು ನಾವೇ ಮಕ್ಕಳಿಗೆ ಹೇಳುತ್ತೇವೆ. ತಮ್ಮ ತರಬೇತಿಯಲ್ಲಿ ಬೋರ್ಡಿನ ಮೇಲೆ ಪ್ರಾಯೋಗಿಕವಾಗಿ, ಒಂದಲ್ಲ ಎರಡು ಸಲ, ಮಾಡಿ ತೋರಿಸಿದ್ದು ಮಾಲೆ ಹಾಕುವುದನ್ನು ಮಾತ್ರ. ಅದನ್ನು ನಾವು ಚಾಚೂ ತಪ್ಪದೆ ಕಲಿತೆವು. ದಸರಾ ರಜೆಗೆ ಬಿಡುವ ದಿನ ನಮ್ಮ ಶಾಲೆಯಲ್ಲಿ ಎಂದಿನಂತೆ ಖಂಡೇ ಪೂಜೆ ನಡೆಯಿತು. ಗಂಟೆಗೆ, ಪ್ರಯೋಗಾಲಯದ ತಕ್ಕಡಿಗೆ, ಅಡುಗೆ ಕೋಣೆಯ ದೊಡ್ಡ ಸೌಟಿಗೆ, ದ್ಯಾಮಣ್ಣ ಸರ್ ಅವರ ಮೋಟಾರ್ ಸೈಕಲ್ಲಿಗೆ ವಿಭೂತಿ, ಕುಂಕುಮ, ಹೂವು ಸಂದವು. ಹೊಸದಾಗಿ ಗೋಡೆ ಏರಿದ್ದ ಬೋರ್ಡಿಗೆ ತರಬೇತಿಯಲ್ಲಿ ಕಂಡ ಅಳತೆಯಲ್ಲೇ ಚೆಂಡುಹೂವಿನ ಮಾಲೆ ಹಾಕಿಸಿದವಳು ನಾನೇ. ಕೋಣೆಗೆ ಬೀಗ ಹಾಕಿ ಎಲ್ಲರೂ ಬನ್ನಿ ಹಂಚಲು ಊರಿಗೆ ಹೋದೆವು. ರಜೆ ಮುಗಿಸಿ ಬಂದಾಗ ಮಾಲೆ ಒಣಗಿ ಹಪ್ಪಳವಾಗಿತ್ತು. ದ್ಯಾಮಣ್ಣ ಸರ್ ದಾರ ಹಿಡಿದು ಜಗ್ಗಿ ತೆಗೆದರು.

ಅಂದು ಏಳನೆಯ ತರಗತಿಗೆ ಹೃದಯದ ಪಾಠವಿತ್ತು. ಈ ಪಾಠಕ್ಕಾಗಿಯೇ ನಾನು ಜುಲೈಯಿಂದ ಕಾದಿದ್ದೆ ಎಂಬುದನ್ನು ತಮ್ಮಿಂದ ಮುಚ್ಚಿಡಲಾರೆ. ಇಪ್ಪತ್ತೊಂಬತ್ತು ವರ್ಷ ನಾನು ಕರಿಹಲಗೆಯ ಮೇಲೆ ಹೃದಯ ಬರೆದಿದ್ದೇನೆ. ಎಡಕ್ಕೆ ಕೆಂಪು ಸೀಮೆಸುಣ್ಣ, ಬಲಕ್ಕೆ ನೀಲಿ, ನಾಲ್ಕು ಕೋಣೆ, ಬಾಣದ ಗುರುತು. ಅದು ಒಂದು ದಿನವೂ ಬಡಿದುಕೊಂಡಿರಲಿಲ್ಲ. ಸೇವೆ ಮುಗಿಯಲು ಇನ್ನೆರಡು ವರ್ಷವಿದೆ, ಅಷ್ಟರೊಳಗೆ ಮಕ್ಕಳಿಗೊಮ್ಮೆ ಬಡಿಯುವ ಹೃದಯ ತೋರಿಸಬೇಕೆಂಬ ಆಸೆ ನನಗಿತ್ತು. ಬೋರ್ಡು ಹಚ್ಚಿದೆ. ಚಿತ್ರ ಬಂತು. ಬಡಿತ ಶುರು ಮಾಡುವ ಗುರುತಿನ ಮೇಲೆ ಬೆರಳಿಟ್ಟೆ. ಹೃದಯ ಬಡಿಯಲಿಲ್ಲ, ಹಿಗ್ಗಿತು. ಗಾಬರಿಯಾಗಿ ಬೆರಳು ಸರಿಸಿದರೆ ಇನ್ನಷ್ಟು ಹಿಗ್ಗಿತು. ಕೋಣೆಗಳು ಬೋರ್ಡಿನ ಆಚೆ ಹೋದವು, ರಕ್ತನಾಳಗಳು ಕಿಟಕಿಯ ಕಡೆ ಹೋದವು, ಕಡೆಗೆ ಇಡೀ ಬೋರ್ಡು ಬರೀ ಕೆಂಪಾಗಿ ನಿಂತಿತು. ನಲವತ್ತಾರು ಮಕ್ಕಳು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಭಾಗ್ಯಶ್ರೀ ಮಾತ್ರ ಎದ್ದು ನಿಂತು, "ಅಕ್ಕೋರ, ಹೃದಯ ಯಾವುದ್ರೀ ಇದರಾಗ?" ಎಂದು ಕೇಳಿದಳು. ನಾಚಿಕೆಯಾಯಿತು, ಸಿಟ್ಟೂ ಬಂತು, ಕರಿಹಲಗೆಗೆ ಹಿಂತಿರುಗಿ ಕೆಂಪು ಸೀಮೆಸುಣ್ಣ ಹುಡುಕಿದೆ.

ತಮ್ಮ ಸಹಾಯವಾಣಿಗೆ ಫೋನು ಮಾಡಿದಾಗ, ಆರಿಸಿ ಹಚ್ಚಲು ಹೇಳಿದರು. ಆರಿಸಿ ಹಚ್ಚಿದೆವು. ಮತ್ತೆ ಮಾಡಿದಾಗ, ಹಚ್ಚಿ ಆರಿಸಲು ಹೇಳಿದರು. ಒಂದು ವಾರದ ಮೇಲೆ ತಮ್ಮ ಪರಿವೀಕ್ಷಕಿ ಸ್ನೇಹಲ್ ಅವರು ಬಂದರು. ಪಾಪ, ಅಂದೇ ಇನ್ನೂ ಒಂಬತ್ತು ಶಾಲೆ ನೋಡುವುದಿತ್ತು. ಬೋರ್ಡಿನ ಮುಂದೆ ನಾಲ್ಕು ನಿಮಿಷ ನಿಂತು, ಬೆಳಕು ಬರುತ್ತಿದೆ, ಧ್ವನಿ ಬರುತ್ತಿದೆ, ಆದ್ದರಿಂದ ಯಂತ್ರ ಸರಿ ಎಂದು ಬರೆದುಕೊಂಡು, "ನೀವು ಟ್ರೇನಿಂಗ್ ತಗೊಂಡೀರಲ್ರೀ ಮೇಡಂ?" ಎಂದು ಕೇಳಿದರು. ತೆಗೆದುಕೊಂಡಿದ್ದೇನೆ ಎಂದು ಪ್ರಮಾಣಪತ್ರ ತೋರಿಸಿದೆ. ಅದೇ ನನ್ನ ಮೇಲಿನ ಸಾಕ್ಷ್ಯವಾಗುತ್ತದೆಂದು ನನಗೆ ಹೊಳೆಯಲಿಲ್ಲ.

ಸ್ನೇಹಲ್ ಅವರ ಗಾಡಿ ಬೈಪಾಸು ಮುಟ್ಟಿರಲಿಕ್ಕಿಲ್ಲ, ಅಷ್ಟರಲ್ಲಿ ನಮ್ಮ ಬಿಸಿಯೂಟದ ದೇವಕ್ಕ, ಇಂದು ಊಟಕ್ಕೆಷ್ಟು ಮಕ್ಕಳು ಎಂದು ಕೇಳಲು ತರಗತಿಗೆ ಬಂದರು. ಬೋರ್ಡಿನ ಕೆಳಗಿನ ಮೂಲೆ ನೋಡಿದವರೇ ಮುಖ ಸಿಂಡರಿಸಿ, "ಏನ್ರೀ ಅಕ್ಕೋರ, ಪೂಜಿ ಮಾಡಿದ ಮ್ಯಾಲೆ ನಿರ್ಮಾಲ್ಯ ತಗೀಬೇಕೋ ಬ್ಯಾಡೋ? ಹಿಂಗ ಒಣಾ ಹೂ ಬಿಟ್ರ ದೇವರರೇ ಹೆಂಗ ಕೆಲಸಾ ಮಾಡತಾನ?" ಎಂದು ನನ್ನನ್ನು ಮಕ್ಕಳೆದುರೇ ಗದರಿದರು. ತಲೆಯಿಂದ ಪಿನ್ನು ತೆಗೆದು, ಚೌಕಟ್ಟಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಚೆಂಡುಹೂವಿನ ಒಂದು ಒಣ ಎಸಳನ್ನು ಕೆದಕಿ ತೆಗೆದು, ಸೆರಗಿನಿಂದ ಸುತ್ತಲೂ ಒರೆಸಿ, ಮಕ್ಕಳನ್ನು ಎಣಿಸಿಕೊಂಡು ಹೋದರು. ಸ್ನೇಹಲ್ ಅವರಿಗೆ ತೋರಿಸಲು ತೆರೆದಿದ್ದ ಹೃದಯದ ಚಿತ್ರದ ಮೇಲೆ ನಾನು ಸುಮ್ಮನೆ ಬೆರಳಿಟ್ಟೆ. ಹೃದಯ ಬಡಿಯತೊಡಗಿತು.

ಆಮೇಲೆ ಕುಳಿತು ಯೋಚಿಸಿದಾಗ ಗೊತ್ತಾದದ್ದಿಷ್ಟು: ಈ ಬೋರ್ಡಿನ ಚೌಕಟ್ಟಿನಲ್ಲಿ ಕಣ್ಣಿಗೆ ಕಾಣದ ಬೆಳಕು ಅತ್ತಿಂದಿತ್ತ ಹರಿಯುತ್ತದೆ, ಅದಕ್ಕೆ ಅಡ್ಡ ಬಂದದ್ದನ್ನೆಲ್ಲ ಬೋರ್ಡು ಬೆರಳೆಂದೇ ತಿಳಿಯುತ್ತದೆ. ಎಸಳು ಒಂದು ಬೆರಳು, ನನ್ನದು ಇನ್ನೊಂದು. ಎರಡು ಬೆರಳಿಟ್ಟು ಹಿಗ್ಗಿಸಿದರೆ ಚಿತ್ರ ಹಿಗ್ಗದೆ ಏನು ಮಾಡೀತು? ಹನ್ನೆರಡು ಆಯಾಮಗಳ ನಡುವೆ ಇದಕ್ಕೊಂದು ಅರ್ಧ ನಿಮಿಷ ಸಿಕ್ಕಿದ್ದರೆ ಸಾಕಿತ್ತು. ಇರಲಿ. ಆ ದಿನ ನಲವತ್ತಾರು ಮಕ್ಕಳು ಒಮ್ಮೆ ಬೋರ್ಡನ್ನೂ ಒಮ್ಮೆ ತಮ್ಮ ಎದೆಯನ್ನೂ ಮುಟ್ಟಿ ನೋಡಿಕೊಂಡರು. "ಅಕ್ಕೋರ, ನಮ್ಮ ಒಳಗೂ ಈಗ ಹಿಂಗ ನಡದೈತೇನ್ರೀ?" ಎಂದು ಭಾಗ್ಯಶ್ರೀ ಕೇಳಿದಳು. ಅಂದಿನಿಂದ ಒಂದು ದಿನವೂ ಬೋರ್ಡು ತಪ್ಪಿಲ್ಲ. ಪೋರ್ಟಲ್ಲಿಗೆ ಹಾಕಿದ ಮೂರೂ ಪತ್ರಗಳಲ್ಲಿ ನಾನು ಬರೆದದ್ದು ಇದನ್ನೇ.

ಈಗ ನನ್ನ ಕೋರಿಕೆಗಳು. ಶನಿವಾರ ನಮ್ಮದು ಬೆಳಗಿನ ಶಾಲೆ. ತಾವು ಸ್ಕ್ರೂಡ್ರೈವರ್ ಹಿಡಿದ ಜನರನ್ನು ಹತ್ತು ಗಂಟೆಗೆ ಕಳಿಸುವುದಾದರೆ, ದಯವಿಟ್ಟು ಕುಮಾರಸ್ವಾಮಿ ಸರ್ ಅವರನ್ನು ಒಂಬತ್ತಕ್ಕೇ ಕಳಿಸಿಕೊಡಬೇಕು. ಏಳನೆಯ ತರಗತಿಯಲ್ಲಿ ಅವರು ಒಂದು ಪಾಠ ಮಾಡಲಿ. ನಡುವೆ ಕರೆಂಟು ಹೋಗುತ್ತದೆ, ಬರುತ್ತದೆ, ಆಗ ಬೋರ್ಡು ಎಲ್ಲಿಂದ ಶುರುವಾಗುತ್ತದೆ, ಅಷ್ಟು ಹೊತ್ತು ನಲವತ್ತಾರು ಮಕ್ಕಳನ್ನು ಏನು ಮಾಡಬೇಕು ಎಂಬ ಹದಿಮೂರನೆಯ ಆಯಾಮವನ್ನು ನಾನು ಹಿಂದಿನ ಸಾಲಿನಲ್ಲಿ ಕುಳಿತು ಕಲಿಯುತ್ತೇನೆ. ಅವರಿಗೆ ಆಗದಿದ್ದರೆ ಅವರು ಹಿಂದಿನ ಸಾಲಿನಲ್ಲಿ ಕೂರಲಿ, ನಾನು ಪಾಠ ಮಾಡುತ್ತೇನೆ. ತಪ್ಪಿದಲ್ಲಿ ಎದ್ದು ಬಂದು ತೋರಿಸಲಿ. ಒಂದು ವಾರ ಹಾಗೆ ಕುಳಿತರೆ ಅದನ್ನೇ ತರಬೇತಿ ಎನ್ನಬಹುದೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಗಣ್ಯರು ಬೇಕಿಲ್ಲ, ಗಿರ್ಮಿಟ್ ನಾನು ಮನೆಯಿಂದ ತರುತ್ತೇನೆ. ಅಭಿಪ್ರಾಯದ ಫಾರ್ಮನ್ನು ಮಾತ್ರ ಕೊನೆಯ ದಿನ ಕೊಡಬೇಕು, ಮತ್ತು ಅದರಲ್ಲಿ "ಅರ್ಥವಾಗಲಿಲ್ಲ" ಎಂದು ಗುರುತು ಹಾಕಲು ಒಂದು ಚೌಕವಿರಬೇಕು. ಇದು ಅಸಾಧ್ಯವೆಂದು ಬಲ್ಲೆ, ಆದರೂ ಕೇಳುವುದು ನನ್ನ ಧರ್ಮ.

ಅಷ್ಟಾದ ಮೇಲೂ ಬೋರ್ಡು ಇಳಿಸಲೇಬೇಕೆಂದಿದ್ದರೆ ನಾವು ಅಡ್ಡ ಬರುವುದಿಲ್ಲ. ಆದರೆ ಹೃದಯ ಆಯಿತು, ಶನಿವಾರ ಏನು ತೋರಿಸುತ್ತೀರಿ ಎಂದು ಭಾಗ್ಯಶ್ರೀ ದಿನವೂ ಕೇಳುತ್ತಿದ್ದಾಳೆ. ಬಿಚ್ಚುವವರು ಸ್ಕ್ರೂ ತಿರುಗಿಸುವ ಮೊದಲು, ಬೋರ್ಡನ್ನು ಏಕೆ ಒಯ್ಯುತ್ತಿದ್ದೇವೆಂದು ಅವಳಿಗೆ ಅವರೇ ಹೇಳಲಿ. ಅವಳ ಪ್ರಶ್ನೆಗಳಿಗೆ ಉತ್ತರಿಸುವ ತರಬೇತಿ ನನಗೂ ಆಗಿಲ್ಲ, ಅವರಿಗೂ ಆಗಿರಲಿಕ್ಕಿಲ್ಲ.

ಪ್ರಮಾಣಪತ್ರವುಳ್ಳ, ಸಾಮರ್ಥ್ಯವಿಲ್ಲದ,
ತಮ್ಮ ವಿಶ್ವಾಸಿ,
ದ್ರಾಕ್ಷಾಯಿಣಿ ಬ. ಮೆಣಸಿನಕಾಯಿ
ಸಹಶಿಕ್ಷಕಿ

ತಾ.ಕ.: ಆ ಒಣ ಎಸಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ, ನೂರ ಎಂಬತ್ತೆಂಟನೆಯ ಸ್ಲೈಡಿಗೆ ಅಂಟಿಸಿಕೊಳ್ಳಬಹುದು. ಉದ್ಘಾಟನೆಯಂದು ತಮ್ಮ ಸಭಾಭವನದ ಬೋರ್ಡಿಗೆ ಹಾಕಿದ ಮಾಲೆ ಐದನೆಯ ದಿನ ತೆಗೆಸಿದ ನಮ್ಮ ಗುಂಪಿನ ಫೋಟೋದಲ್ಲೂ ಹಾಗೇ ನೇತಾಡುತ್ತಿದೆ. ಅದನ್ನು ಈವರೆಗೆ ಯಾರೂ ತೆಗೆದಿರದಿದ್ದರೆ ತಮ್ಮ ಸರ್ವರ್ ಇನ್ನೂ ಡೌನ್ ಇದ್ದೀತು. ದೇವಕ್ಕನಿಗೆ ರವಿವಾರ ಬಿಡುವಿದೆ. ಹೇಳಿ ಕಳಿಸಿದರೆ ಪಿನ್ನು ತೆಗೆದುಕೊಂಡು ಬರುತ್ತಾರೆ.