ರತ್ನಳ ಬೆನ್ನು, ನನ್ನ ಧೈರ್ಯ

ಸದಾ ಚಡಪಡಿಸುವವನನ್ನು ಕಂಡರೆ ಜನಕ್ಕೆ ಮರ್ಯಾದೆ ಜಾಸ್ತಿ. "ಪಾಪ, ಎಷ್ಟು ಓಡಾಡ್ತಾನೆ" ಅನ್ನುತ್ತಾರೆ. ಓಡಾಟಕ್ಕೂ ಕೆಲಸಕ್ಕೂ ಸಂಬಂಧವಿಲ್ಲವೆಂಬ ಗುಟ್ಟು ನನ್ನಂಥವರಿಗೆ ಮಾತ್ರ ಗೊತ್ತು. ಹೊಳಲ್ಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಮೇಜಿನಿಂದ ಬೀರುವಿಗೆ, ಬೀರುವಿನಿಂದ ಕಿಟಕಿಗೆ ನಡೆದು ನಡೆದೇ ದಕ್ಷನೆಂಬ ಹೆಸರು ಗಳಿಸಿದವನು ನಾನು. ಆ ಹೆಸರು ನಡೆಯದ ಜಾಗ ಒಂದೇ, ನನ್ನ ಮನೆ.

ನನ್ನ ಹೆಂಡತಿ ರತ್ನ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಎರಡು ವರ್ಷದಿಂದ ಅವಳಿಗೆ ಸೊಂಟ ನೋವು. ಸೊಂಟ ನೋವೆಂದರೆ ಕೇಳಿದವರೆಲ್ಲ ಡಾಕ್ಟರಾಗುತ್ತಾರೆ. ಒಬ್ಬರು ಹರಳೆಣ್ಣೆ ಅಂದರು, ಇನ್ನೊಬ್ಬರು ಎಕ್ಕದೆಲೆ ಬಿಸಿ ಮಾಡಿ ಕಟ್ಟಿ ಅಂದರು. ಹಲಗೆಯ ಮೇಲೆ ಮಲಗಬೇಕು ಎಂದು ಕಚೇರಿಯ ಜವಾನ ಹೇಳಿದ್ದಕ್ಕೆ ಬಡಗಿಯನ್ನು ಕರೆಸಿ ಒಳ್ಳೆಯ ಹಲಗೆ ಮಾಡಿಸಿದೆ. ರತ್ನ ಅದರ ಮೇಲೆ ಒಂದೇ ದಿನ ಮಲಗಿದಳು. ಮಾರನೆಯ ದಿನದಿಂದ ಅದರ ಮೇಲೆ ಸಂಡಿಗೆ ಒಣಗತೊಡಗಿತು.

ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಹೊಸದುರ್ಗಕ್ಕೆ ಮದುವೆಗೆಂದು ಹೋಗಿ ಬಸ್ಸಿಳಿದು ನಡೆಯುತ್ತಿದ್ದಾಗ, ಎಳನೀರು ಮಾರುವವನೊಬ್ಬ ಹಿಂದಿನಿಂದ ಕೂಗಿದ. "ಅಕ್ಕಾ, ಚಪ್ಪಲಿ ಇಲ್ಲೇ ಬಿಟ್ಟು ಹೊಂಟಿದೀರಲ್ರಿ!" ತಿರುಗಿ ನೋಡಿದರೆ ರತ್ನಳ ಎಡಗಾಲಿನ ಚಪ್ಪಲಿ ಹತ್ತು ಮಾರು ಹಿಂದೆ ಬಿದ್ದಿತ್ತು. ಮಧ್ಯಾಹ್ನದ ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದಾಳೆ, ಅವಳಿಗೆ ಗೊತ್ತೇ ಆಗಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ತನ್ನ ಪಾದವನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದಳು. "ಹೆಬ್ಬೆಟ್ಟು ಎತ್ತಾಕೆ ಬರ್ತಿಲ್ಲ ಕಣ್ರಿ" ಅಂದಳು, ಮೆಲ್ಲಗೆ.

ಚಿತ್ರದುರ್ಗದಲ್ಲಿ ಸ್ಕ್ಯಾನಿಂಗ್ ಮಾಡಿಸಿ, ಮೆದುಳು ಮತ್ತು ಬೆನ್ನುಹುರಿಯ ಸರ್ಜನ್ ಒಬ್ಬರ ಮುಂದೆ ಕೂತೆವು. ಸಣ್ಣ ವಯಸ್ಸಿನ ಡಾಕ್ಟರಮ್ಮ. ಮೊದಲು ರತ್ನಳ ಪಾದವನ್ನು ತಳ್ಳಿ, ಒತ್ತಿ, ಸೂಜಿ ಮುಟ್ಟಿಸಿ ನೋಡಿದರು. ಮೂತ್ರ ಕಟ್ಟಿಕೊಳ್ಳುವುದು, ತಿಳಿಯದೆ ಹೋಗುವುದು ಏನಾದರೂ ಉಂಟೇ ಎಂದು ಕೇಳಿದರು. ಇಲ್ಲವೆಂದಾಗ ಸಮಾಧಾನದಿಂದ ಫಿಲ್ಮನ್ನು ಬೆಳಕಿಗೆ ಹಿಡಿದರು. "ಮೂಳೆ ಮೂಳೆಗಳ ನಡುವೆ ಮೆತ್ತೆ ಇರುತ್ತೆ, ಹೋಳಿಗೆ ಥರ. ಜೋರಾಗಿ ಒತ್ತಿದ್ರೆ ಹೂರಣ ಅಂಚಿನಿಂದ ಆಚೆ ಬರಲ್ವಾ? ಹಾಗೆ ಬಂದು, ಕಾಲಿಗೆ ಹೋಗೋ ನರ ಒತ್ತಿದೆ. ಬರೀ ನೋವಿದ್ದಿದ್ರೆ ಕಾಯೋಣ ಅಂತಿದ್ದೆ. ಬಹಳ ಜನಕ್ಕೆ ಆಪರೇಷನ್ ಬೇಕಾಗೋದೇ ಇಲ್ಲ. ಇವರಿಗೆ ಪಾದದ ಶಕ್ತಿ ಹೋಗ್ತಾ ಇದೆ. ತಡ ಮಾಡಿದಷ್ಟೂ ವಾಪಸ್ ಬರೋದು ಕಷ್ಟ."

ನಾನು ಹನ್ನೊಂದು ಪ್ರಶ್ನೆ ಕೇಳಿದೆ. ಬೆನ್ನಿಗೆ ಕತ್ತರಿ ಹಾಕಿದರೆ ಮನುಷ್ಯ ಮತ್ತೆ ಏಳುವುದಿಲ್ಲವಂತಲ್ಲ ಎಂಬ ಒಂದನ್ನೇ ಮೂರು ಸಲ ಕೇಳಿದೆ. ಅಪಾಯ ಇಲ್ಲವೇ ಇಲ್ಲ ಎಂದು ಹೇಳಲಾರೆ, ಆದರೆ ಸುಮ್ಮನಿರುವುದರಲ್ಲಿ ಅದಕ್ಕಿಂತ ಹೆಚ್ಚಿನ ಅಪಾಯವಿದೆ ಎಂದರು ಡಾಕ್ಟರಮ್ಮ. "ಯೋಚನೆ ಮಾಡಿ ಹೇಳ್ತೀವಿ" ಎಂದು ಎದ್ದು ಬಂದೆ.

ಆಮೇಲಿನ ಮೂರು ದಿನ ನನಗೆ ಕೂತರೆ ನಿಂತಂತೆ, ನಿಂತರೆ ಕೂತಂತೆ. ಭರಮಸಾಗರದಲ್ಲಿ ಒಬ್ಬರು ಆಪರೇಷನ್ ಮಾಡಿಸಿಕೊಂಡು ಹಾಸಿಗೆ ಹಿಡಿದಿದ್ದಾರೆಂದು ಯಾರೋ ಹೇಳಿದ್ದೇ ತಡ, ಬೈಕ್ ಹತ್ತಿದೆ. ಕೆಟ್ಟ ಸುದ್ದಿಯನ್ನು ಖಚಿತಪಡಿಸಿಕೊಳ್ಳುವುದರಲ್ಲಿ ನನಗಿರುವ ಉತ್ಸಾಹ ಒಳ್ಳೆಯ ಸುದ್ದಿಯಲ್ಲಿಲ್ಲ. ಮನೆ ಹುಡುಕಿ, ದನಿ ತಗ್ಗಿಸಿ, "ಯಜಮಾನ್ರು ಹೆಂಗಿದಾರೆ?" ಅಂದೆ. ಅವರ ಹೆಂಡತಿ, "ತ್ವಾಟಕ್ಕೆ ನೀರು ಕಟ್ಟಾಕೆ ಹೋಗ್ಯಾರ್ರಿ. ಕುಂತ್ಕಳ್ರಿ, ಬರ್ತಾರೆ" ಅಂದರು. ವಿಚಾರಿಸಿದರೆ ಆಪರೇಷನ್ ಆಗಿದ್ದು ಬೆನ್ನಿಗಲ್ಲ, ಮೂಲವ್ಯಾಧಿಗೆ.

ಅಷ್ಟಾದರೂ ನನ್ನ ಕೊನೆಯ ನಂಬಿಕೆ ರತ್ನಳ ಅಣ್ಣನ ಮೇಲಿತ್ತು. ತಾಳ್ಯದ ಕಡೆ ಕುರಿ ಮೇಯಿಸಿಕೊಂಡಿರುವ ಕರಿಯಪ್ಪ, ಕುರಿಯ ಮುರಿದ ಕಾಲಿಗೆ ದಬ್ಬೆ ಕಟ್ಟುವುದರಲ್ಲಿ ಹೆಸರುವಾಸಿ. ಅವನು ಬಂದು "ಆಪರೇಷನ್ ಗೀಪರೇಷನ್ ಬ್ಯಾಡ" ಅಂದುಬಿಟ್ಟರೆ ನನ್ನ ಹೆದರಿಕೆಗೆ ಒಂದು ಗೌರವದ ಹೆಸರು ಸಿಗುತ್ತಿತ್ತು. ಅವನು ಬಂದ. ಹೆಗಲ ಕಂಬಳಿ ಇಳಿಸಿ, ತಂಗಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, "ಎತ್ತವ್ವ" ಅಂದ. ಪಾದ ಅಲ್ಲಾಡಲಿಲ್ಲ. ನನ್ನ ಕಡೆ ತಿರುಗಿದ.

"ಏನಪ್ಪ, ಇನ್ನೂ ಇಲ್ಲೇ ಕುಂತಿದೀಯಾ?"

"ಅಲ್ಲ, ನೀನು ಒಂದ್ಸಲ ನೋಡ್ಲಿ ಅಂತ..."

"ಕಾಲು ಮುರಿದ್ರೆ ನಾನು ಕಟ್ತೀನಿ. ಕಾಲು ನೆಟ್ಟಗಿದ್ದು ಎಳೀತೈತೆ ಅಂದ್ರೆ ಅದು ಬೆನ್ನಾಗಿಂದು. ಅದಕ್ಕೆ ನಾನು ಕೈ ಹಾಕಲ್ಲ. ಯಾವುದಕ್ಕೆ ಕೈ ಹಾಕಬಾರ್ದು ಅನ್ನೋದೂ ವಿದ್ಯೇನೇ ಐತೆ. ನಡಿಯವ್ವ, ಹೋಗಾಣ."

ರತ್ನ ಮಂಚದ ಕೆಳಗಿನಿಂದ ಬ್ಯಾಗು ಎಳೆದಳು. ಸೀರೆ, ಟವಲ್ಲು, ಸ್ಕ್ಯಾನಿಂಗ್ ಫಿಲ್ಮು, ಎಲ್ಲ ತಯಾರು. ಮೂರು ದಿನದಿಂದ ಕಟ್ಟಿಟ್ಟಿದ್ದಳಂತೆ. "ನಿಮ್ಮ ಭಯ ಇಳೀಲಿ ಅಂತ ಕಾಯ್ತಿದ್ದೆ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

ಆಪರೇಷನ್ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ನಾನು ನಡೆದ ದೂರವನ್ನು ನೇರ ಮಾಡಿದ್ದರೆ ಹಿರಿಯೂರು ಮುಟ್ಟಿರುತ್ತಿದ್ದೆ. "ಸಾರ್, ನೆಲ ಒರೆಸೀವಿ, ಒಂದ್ಕಡೆ ಕುಂತ್ಕಳ್ರಿ" ಎಂದು ನರ್ಸು ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳುವ ಮೊದಲೇ ತಲೆ ಸುತ್ತಿ ನಾನೇ ಕುಂತೆ, ನೆಲದ ಮೇಲೆ. ಖಾಲಿಯಿದ್ದ ಹಾಸಿಗೆಗೆ ಸಾಗಿಸಿ ಗ್ಲೂಕೋಸ್ ಹಾಕಿದರು. ಡಾಕ್ಟರಮ್ಮ ಹೊರಗೆ ಬಂದು, "ನಿಮ್ಮ ಮನೆಯವರು ಚೆನ್ನಾಗಿದ್ದಾರೆ. ನೀವು ಹೇಗಿದ್ದೀರಿ?" ಅಂದರು.

ಮಾರನೆಯ ದಿನವೇ ರತ್ನ ಎದ್ದು ನಿಂತು ಬಾಗಿಲವರೆಗೆ ನಡೆದಳು. ಬೆನ್ನ ಮೇಲೆ ಎರಡು ಬೆರಳಗಲದ ಪಟ್ಟಿ, ಅಷ್ಟೇ. ಪಾದ ಮಾತ್ರ ಆತುರಪಡಲಿಲ್ಲ. ಮೂರನೆಯ ವಾರಕ್ಕೆ ಹೆಬ್ಬೆಟ್ಟು ಎಳ್ಳಷ್ಟು ಎದ್ದಿತು. ಅದನ್ನು ನೋಡಿ ನಾನು ಅತ್ತಿದ್ದು, ಅವಳು ನಕ್ಕಿದ್ದು ಎರಡೂ ನಿಜ. ನಾಲ್ಕು ತಿಂಗಳಿಗೆ ಸಂತೆಗೆ ಹೋಗಿ ಬಂದಳು. ಕಿರುಬೆರಳು ಈಗಲೂ ಸ್ವಲ್ಪ ಜೋಮು.

ಈಗ ನಮ್ಮ ಬೀದಿಯಲ್ಲಿ ನಾನೇ ತಜ್ಞ. ಕಪ್ಪು ಫಿಲ್ಮು ಹಿಡಿದು ಬಂದವರಿಗೆಲ್ಲ ಬೆಳಕಿಗೆ ಎತ್ತಿ, ಹೋಳಿಗೆ ಹೂರಣ ವಿವರಿಸಿ, "ಹೆದರಬಾರದು, ಬೇಗ ತೋರಿಸಬೇಕು" ಎಂದು ಉಪದೇಶಿಸುತ್ತೇನೆ. ಹೋದ ವಾರ ಹಾಗೆ ಉಪದೇಶಿಸುತ್ತಿರುವಾಗ ನನ್ನ ಬಲಗೈಯಿಂದ ಕಾಫಿ ಲೋಟ ಜಾರಿ ಬಿತ್ತು. ಒಂದು ತಿಂಗಳಿಂದ ಎರಡು ಬೆರಳು ಜುಂ ಅನ್ನುತ್ತಿದ್ದುದನ್ನು ನಾನು ಯಾರಿಗೂ ಹೇಳಿರಲಿಲ್ಲ. ರತ್ನ ಒರೆಸುವ ಬಟ್ಟೆ ತಂದವಳು ನನ್ನ ಕೈಯನ್ನೇ ನೋಡಿದಳು. "ಚಳಿಗೆ ಹಿಂಗಾಗುತ್ತೆ" ಅಂದೆ. ಏಪ್ರಿಲ್ ತಿಂಗಳು. ಅವಳು ಒಳಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದಳು. "ನಾಳೆ ಬೆಳಿಗ್ಗೆ ಬಾರಣ್ಣ, ಇವರನ್ನ ದುರ್ಗದ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗ್ಬೇಕು." ಆ ಕಡೆಯಿಂದ ಅವನು ಏನು ಕೇಳಿದನೋ ನನಗೆ ಕೇಳಿಸಲಿಲ್ಲ. ಇವಳು ಸ್ವಲ್ಪ ಯೋಚಿಸಿ ಹೇಳಿದಳು: "ಹಗ್ಗ ಬ್ಯಾಡ, ಮಾತಲ್ಲೇ ಬರ್ತಾರೆ."