ಮಾಮಾನ ಸೈಲೆನ್ಸರಿಗೆ ಸುರ ಕೂಡಿಸಿದ್ದು

ಪಿಕಪ್ ಗಾಡಿಯ ಸೈಲೆನ್ಸರಿಗೆ ಹಾರ್ಮೋನಿಯಂ ಪೇಟಿಯ ಮಾಸ್ತರರನ್ನು ಕರೆಸಿ ಸುರ ಕೂಡಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನು ನನ್ನ ಅವ್ವನ ತಮ್ಮ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದ ಹೇಳುತ್ತಿದ್ದೇನೋ ನನಗೇ ತಿಳಿಯದು. ನಂಬಿಕೆ ಬರದವರು ಬೈಲಹೊಂಗಲದ ಗ್ಯಾರೇಜುಗಳ ಸಾಲಿಗೆ ಬಂದು ಯಾರನ್ನಾದರೂ ಕೇಳಬಹುದು. ಆದರೆ ಊಟ ಮಾಡಿಕೊಂಡು ಬನ್ನಿ, ಅವರು ಬೇಗ ಬಿಡುವುದಿಲ್ಲ.

ಮಾಮಾನ ಊರು ಹೂಲಿಯ ಹತ್ತಿರ, ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಕಸುಬು ಕಾಯಿಪಲ್ಲೆ ವ್ಯಾಪಾರ. ಒಂದು ದಿನ ರಾಮದುರ್ಗದ ಸಂತೆ, ಒಂದು ದಿನ ಕಿತ್ತೂರು, ಒಂದು ದಿನ ಬೈಲಹೊಂಗಲ. ಬದನೆಕಾಯಿ ಆರಿಸುವುದು, ತಕ್ಕಡಿ ಹಿಡಿಯುವುದು, ಗಿರಾಕಿಗಳ ಬಾಯಿ ಮುಚ್ಚಿಸುವುದು ಎಲ್ಲ ಅತ್ತೆಯ ಕೆಲಸ. ಹಾಗಾದರೆ ಮಾಮಾ ಏನು ಮಾಡುತ್ತಾನೆ? ಗಾಡಿ ಹೊಡೆಯುತ್ತಾನೆ. ಗಾಡಿ ಹೊಡೆಯುತ್ತ ಹಾಡುತ್ತಾನೆ!

ಹೇಗೆ ಹಾಡುತ್ತಾನೆ ಎಂದು ಮಾತ್ರ ಕೇಳಬೇಡಿ. ಊರ ಭಜನಾ ಮಂಡಳಿಯವರು ಮೊದಲು ಅವನಿಗೆ ಹಾಡಲು ಕೊಟ್ಟರು. ಒಂದು ಏಕಾದಶಿ ಕಳೆದ ಮೇಲೆ ‘ನೀವು ತಾಳ ಬಾರಸ್ರಿ’ ಅಂದರು. ಇನ್ನೊಂದು ಏಕಾದಶಿಗೆ ತಾಳವನ್ನೂ ಇಸಿದುಕೊಂಡು ಚಹಾ ಹಂಚಲು ಹಚ್ಚಿದರು. ಮಾಮಾ ಬೇಸರ ಮಾಡಿಕೊಳ್ಳಲಿಲ್ಲ. ಚಹಾ ಹಂಚುತ್ತಲೇ ಹಾಡತೊಡಗಿದ. ಆಮೇಲೆ ಮಂಡಳಿ ಚಹಾ ಕುಡಿಯುವುದನ್ನೇ ಬಿಟ್ಟಿತು.

ಆದರೆ ಅದೇ ಮನುಷ್ಯ ಗಾಡಿಯಲ್ಲಿ ಕುಳಿತರೆ ಬೇರೆ. ಅವನ ಹಳೆಯ ಪಿಕಪ್ಪಿನ ಸೈಲೆನ್ಸರು ಜಂಗು ತಿಂದು ಎಲ್ಲೋ ತೂತಾಗಿ, ಮೂರನೆಯ ಗೇರಿನಲ್ಲಿ ಹದವಾಗಿ ಹೋಗುವಾಗ ‘ಹೂಂ’ ಎಂದು ಒಂದೇ ಸಮ ನಾದ ಹಿಡಿಯುತ್ತಿತ್ತು. ಭಜನಾ ಮಂಡಳಿಯ ಪೇಟಿ ಮಾಸ್ತರರೇ ಒಮ್ಮೆ ಆ ಗಾಡಿಯಲ್ಲಿ ಸವದತ್ತಿಗೆ ಹೋಗಿ ಬಂದು, “ಪೇಟಿಯ ಮೊದಲನೇ ಕರಿ ಮನಿ, ‘ಕರಿ ಒಂದು’ ಹಿಡದೈತ್ರಿ ಗಾಡಿ. ಮನಷ್ಯಾ ಹಾಡೂದು ಹೆಂಗರ ಇರ್‍ಲಿ, ಗಾಡ್ಯಾಗ ಕುಂತಾಗ ಸುರ ಬಿಡಂಗಿಲ್ಲ” ಎಂದು ಒಪ್ಪಿಕೊಂಡಿದ್ದರು. ಅಂದಿನಿಂದ ಮಾಮಾನಿಗೆ ಆ ಗಾಡಿಯೇ ತಂಬೂರಿ. ಗೇರು ಬದಲಿಸಿದರೆ ಸುರ ಕೆಡುತ್ತದೆಂದು ಇಡೀ ದಾರಿ ಮೂರನೆಯ ಗೇರಿನಲ್ಲೇ ಹೋಗುತ್ತಿದ್ದ. ಹಿಂದೆ ಬಸ್ಸಿನವರು ಹಾರ್ನು ಬಾರಿಸಿದರೆ ‘ಪಲ್ಲವಿ ಮುಗೀಲಿ ತಡೀರಿ’ ಎಂದು ಕಿಟಕಿಯಿಂದ ಕೈ ಮಾಡುತ್ತಿದ್ದ.

ಹೀಗೆ ಜೀವಮಾನವೆಲ್ಲ ಮೂರನೆಯ ಗೇರಿನಲ್ಲಿ ದುಡಿದ ಇಂಜಿನ್ನು ಒಂದು ದಿನ ಸಂತೆಯಿಂದ ಬರುವಾಗ ಏರಿನಲ್ಲಿ ಬಿಳಿಯ ಹೊಗೆ ಬಿಟ್ಟು ನಿಂತಿತು. ಟ್ರ್ಯಾಕ್ಟರಿಗೆ ಕಟ್ಟಿ ಬೈಲಹೊಂಗಲದ ಒಂದು ಗ್ಯಾರೇಜಿಗೆ ತಂದರು. ನನ್ನ ಪುಸ್ತಕ-ಪೆನ್ನಿನ ಅಂಗಡಿ ಆ ಗ್ಯಾರೇಜಿನ ಎದುರಿಗೇ ಇರುವುದರಿಂದ ಮುಂದಿನದಕ್ಕೆಲ್ಲ ನಾನೇ ಸಾಕ್ಷಿ. ಮಿಸ್ತ್ರಿ ಇಂಜಿನ್ನು ಬಿಚ್ಚಿದ, ಬೋರ್ ಮಾಡಿಸಿದ, ಪಿಸ್ಟನ್ನು ರಿಂಗು ಎಲ್ಲ ಹೊಸದು ಹಾಕಿ ಕಟ್ಟಿದ. ಕಟ್ಟಿದವನು ಮಾಮಾನನ್ನು ಕೇಳದೆ ಇನ್ನೊಂದು ಪುಣ್ಯದ ಕೆಲಸ ಮಾಡಿದ. ಹಳೆಯ ಸೈಲೆನ್ಸರನ್ನು ಕಿತ್ತು ಗುಜರಿಗೆ ಹಾಕಿ, ದಪ್ಪ ಪೈಪಿನ ಹೊಸ ಸೈಲೆನ್ಸರು ಕೂರಿಸಿದ. “ಹೊಸಾ ಎದಿ ಹಾಕಿ ಹಳೇ ಮೂಗ ಇಟ್ರ ಗಾಡಿ ಉಸರ ಹೆಂಗ ಆಡತೈತ್ರಿ?” ಎಂಬುದು ಅವನ ವಾದ. ವಾದದಲ್ಲಿ ಯಾವ ತಪ್ಪೂ ಇರಲಿಲ್ಲ.

ಮಾಮಾ ಗಾಡಿ ತೆಗೆದುಕೊಂಡು ಹೋದ. ಊರು ದಾಟುವುದರೊಳಗೆ ತಿರುಗಿ ಬಂದ.

“ಮಿಸ್ತ್ರಿ, ಗಾಡಿ ಸುರ ಬಿಟ್ಟೈತಿ.”

ಮಿಸ್ತ್ರಿ ಗಾಬರಿಯಾಗಿ ಗಾಡಿಯ ಕೆಳಗೆ ನುಸುಳಿದ. ಪಾಪ, ಏನೋ ಒಂದು ಭಾಗ ದಾರಿಯಲ್ಲಿ ಬಿದ್ದಿದೆ ಎಂದುಕೊಂಡ. ಕೆಳಗಿನಿಂದಲೇ ಹೇಳಿದ: “ಎಲ್ಲಾ ಬರೋಬರಿ ಐತಲ್ರಿ. ಆವಾಜನ ಇಲ್ಲ, ಬೆಣ್ಣಿ ಆಗೈತಿ ಗಾಡಿ.”

“ಅದ ನೋಡ ನನ್ನ ತ್ರಾಸ. ಬೆಣ್ಣಿ ತಗೊಂಡು ನಾ ಏನ ಹಾಡ್ಲಿ?”

ಗುಜರಿಗೆ ಹೋದರೆ ಹಳೆಯ ಸೈಲೆನ್ಸರು ಆಗಲೇ ರಾಶಿಯಲ್ಲಿ ಸೇರಿತ್ತು. ಮಾಮಾ ನಟ್ಟು ಬಿಗಿಯುವ ಒಂದು ಪಾನಾ ಹಿಡಿದು ಒಂದೊಂದೇ ಸೈಲೆನ್ಸರನ್ನು ಬಡಿದು, ಕಿವಿ ಹಚ್ಚಿ ಕೇಳುತ್ತ ಹೋದ. ಗುಜರಿಯವನು ಸ್ವಲ್ಪ ಹೊತ್ತು ನೋಡಿ, “ಅಣ್ಣಾರ, ಅವು ಕಲ್ಲಂಗಡಿ ಅಲ್ರಿ, ಯಾವೂ ಹಣ್ಣಾಗಿರಂಗಿಲ್ಲ” ಅಂದ. ಸಿಗಲಿಲ್ಲ. ಯಾವ ಊರಿನ ಯಾವ ಭಟ್ಟಿಗೆ ಹೋಗಿ ಕರಗಿತೋ!

ಇಲ್ಲಿಯವರೆಗೆ ನಾವೆಲ್ಲ ನಕ್ಕೆವು. ಮುಂದಿನ ಸಂತೆಯ ದಿನ ಅತ್ತೆ ನನ್ನ ಅಂಗಡಿಗೆ ಬಂದಾಗಲೂ ನಾನು ನಗುತ್ತಲೇ, “ಅತ್ತಿ, ನಿನ್ನ ಕಿವಿ ಪುಣ್ಯಾ ಮಾಡಿದ್ವು ಬಿಡು” ಅಂದೆ. ಅತ್ತೆ ನಗಲಿಲ್ಲ.

“ಹಾಡೂದ ಬಿಟ್ಟಾರ ತಮ್ಮಾ. ಮಾತೂ ಬಿಟ್ಟಾರ. ಮನಿಯಿಂದ ಸಂತಿ, ಸಂತಿಯಿಂದ ಮನಿ, ಕಲ್ಲ ಕುಂತಂಗ ಕುಂದರ್‍ತಾರ. ದಾರಿ ಮ್ಯಾಲಿನ ಮಂದಿ ‘ಕಾಕಾಗ ಆರಾಮ ಇಲ್ಲೇನ’ ಅಂತ ಕೇಳಾಕತ್ತಾರ. ನಿನ್ನಿ ‘ಗಾಡಿ ಮಾರಿಬಿಡತೇನಿ, ಸಂತಿ ಸಾಕು’ ಅಂದ್ರು.”

“ಮಾರ್‍ಲಿ ಬಿಡು, ನಿನಗೂ ವಯಸ್ಸಾತು, ಮನ್ಯಾಗ ಆರಾಮ ಇರು.”

“ಮನ್ಯಾಗ ಏನೈತಿ ನನಗ? ನಾಕ ಗ್ವಾಡಿ. ಸಂತ್ಯಾಗ ಹತ್ತ ಊರ ಮಂದಿ ನನ್ನ ಹೆಸರ ಹಿಡದ ಕರೀತಾರ. ನೀ ಏನರ ಮಾಡು, ಆ ಗಾಡಿ ಮತ್ತ ಹಾಡೂಹಂಗ ಮಾಡು.”

ಅತ್ತೆಯ ಕಣ್ಣು ತುಂಬಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಗಿರಾಕಿಗಳನ್ನು ಅಳಿಸುವ ಹೆಂಗಸು ಅದು. ನನಗೂ ಒಂಥರಾ ಆಗಿ, ಪೇಟಿ ಮಾಸ್ತರರಿಗೆ ಫೋನು ಹಚ್ಚಿದೆ.

ಮಾಸ್ತರರು ಪೇಟಿ ಹೊತ್ತುಕೊಂಡು ಬಂದರು. ಗ್ಯಾರೇಜಿನ ಆಯಿಲ್ ಡ್ರಮ್ಮಿನ ಮೇಲೆ ಟಾವೆಲ್ಲು ಹಾಸಿ ಪೇಟಿ ಇಟ್ಟರು. ಮಾಮಾ ಎಕ್ಸಿಲರೇಟರ್ ತುಳಿದ. ಮಾಸ್ತರರು ಕಣ್ಣು ಮುಚ್ಚಿ ಕೇಳಿ, “ಕೆಳಗ ಬರಬೇಕು” ಅಂದರು. ಮಿಸ್ತ್ರಿ ಸೈಲೆನ್ಸರಿನ ಒಳಗಿನ ಜಾಳಿಗೆ ಕಿತ್ತ. ಗಾಡಿ ಗುಡುಗಿತು. “ಇನ್ನೂ ಕೆಳಗ.” ಮಿಸ್ತ್ರಿ ಪೈಪು ಒಂದು ಗೇಣು ಕೊಯ್ದ. ಸುರ ಮೇಲೆ ಹೋಯಿತು. ಇನ್ನೊಂದು ಗೇಣು ಕೊಯ್ದ. ಇನ್ನೂ ಮೇಲೆ ಹೋಯಿತು.

“ಏ, ಕೊಳಲ ಇದ್ದಂಗ ಅದು, ಉದ್ದ ಮಾಡ್ರಿ” ಎಂದರು ಮಾಸ್ತರರು.

ಮಿಸ್ತ್ರಿ ವೆಲ್ಡಿಂಗ್ ಹಚ್ಚಿ ಹಚ್ಚಿ ಪೈಪು ಉದ್ದ ಮಾಡಿದ. ಅದು ಗಾಡಿಯ ಹಿಂದೆ ಮಾರುದ್ದ ಚಾಚಿಕೊಂಡಿತು. ಆ ಹೊತ್ತಿಗೆ ಅರ್ಧ ಪೇಟೆ ನೆರೆದಿತ್ತು. ಯಾರೋ ಹೊಸ ಗಾಡಿಯ ಪೂಜೆ ಎಂದು ತಿಳಿದು ಕಾಯಿ ತಂದರು. ಗದ್ದಲ ಕೇಳಿ ಒಬ್ಬ ಪೊಲೀಸನೂ ಬಂದ. “ಏನ್ರಿ ಇದು ಆವಾಜ?” ಎಂದು ಜಬರಿಸಿದ. ಮಾಸ್ತರರು ಪೇಟಿಯಿಂದ ತಲೆ ಎತ್ತದೆ, “ಇನ್ನೂ ಕೂಡಿಲ್ಲರಿ ಸಾಹೇಬ್ರ” ಅಂದರು. ಪೊಲೀಸ ಪೇಟಿ ನೋಡಿದ, ಗಾಡಿ ನೋಡಿದ, ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟ. ಅವನೂ ನಾಟಕದಲ್ಲಿ ಪಾರ್ಟು ಮಾಡಿದವನಂತೆ! “ಒಂದ ಎಳಿ ಕೆಳಗ ಬರ್ರಿ” ಎಂದು ತಾನೂ ಹೇಳತೊಡಗಿದ.

ಕೊನೆಗೆ ಸೇರಿತು ನೋಡಿ. ಪೇಟಿಯ ಕರಿ ಒಂದು, ಗಾಡಿಯ ಹೂಂಕಾರ, ಎರಡೂ ಒಂದೇ. ಮಾಸ್ತರರು ‘ಆಹಾ’ ಎಂದರು, ಪೊಲೀಸ ಚಪ್ಪಾಳೆ ತಟ್ಟಿದ, ಕಾಯಿ ತಂದವರು ಒಡೆದೇಬಿಟ್ಟರು. ಮಾಮಾನ ಮುಖ ಎಷ್ಟೋ ದಿನದ ಮೇಲೆ ಅರಳಿತು. ಆ ಖುಷಿಯಲ್ಲಿ ಅವನು ಗಾಡಿ ಹೊರಗೆ ತೆಗೆಯಲು ರಿವರ್ಸ್ ಹಾಕಿದ. ಮಾರುದ್ದದ ಪೈಪು ಹಿಂದಿದ್ದ ಬೇವಿನ ಗಿಡಕ್ಕೆ ಬಡಿದು, ಬಾಗಿ, ಮುರಿದು ಬಿತ್ತು. ಗಿಡಕ್ಕೆ ಏನೂ ಆಗಲಿಲ್ಲ.

ಮಿಸ್ತ್ರಿ ಮುರಿದದ್ದನ್ನು ಬುಡಕ್ಕೆ ಕೊಯ್ದು ಒಗೆದು, ಉಳಿದ ಮೋಟು ಪೈಪಿಗೆ ಜಾಳಿಗೆ ತುರುಕಿ, “ಇನ್ನ ಹೋಗ್ರಿ, ನನಗೂ ಹೇಣ್ತಿ ಮಕ್ಕಳ ಅದಾರ” ಎಂದು ಶಟರ್ ಎಳೆದ. ಮಾಸ್ತರರು ಒಮ್ಮೆ ಪೇಟಿ ಒತ್ತಿ ನೋಡಿ, “ಬಿಳಿ ಐದರ ಮ್ಯಾಲ ನಿಂತತ್ರಿ. ಗಂಡಸರಿಗೆ ಎಟಕಂಗಿಲ್ಲ ಅದು” ಎಂದು ಪೇಟಿ ಮುಚ್ಚಿದರು.

ಅವತ್ತು ಅತ್ತೆ ನನ್ನನ್ನು ಮನೆಗೆ ಊಟಕ್ಕೆ ಕರೆದಿದ್ದಳು. ಮಾಮಾ, ಅತ್ತೆ ಮುಂದೆ ಕುಳಿತರು, ಖಾಲಿ ಬುಟ್ಟಿಗಳ ಜೊತೆ ನಾನು ಹಿಂದೆ ಕುಳಿತೆ. ಕ್ಯಾಬಿನ್ನಿನ ಹಿಂದಿನ ಸಣ್ಣ ಕಿಟಕಿಗೆ ಗಾಜಿಲ್ಲ, ಒಳಗಿನದೆಲ್ಲ ಕೇಳುತ್ತದೆ. ಸವದತ್ತಿ ದಾಟಿದ ಮೇಲೆ ಹೊತ್ತು ಇಳಿಯುತ್ತಿತ್ತು. ಮಾಮಾ ಮೂರನೆಯ ಗೇರಿಗೆ ಬಂದು ಒಮ್ಮೆ ಬಾಯಿ ತೆರೆದ. ದನಿ ಅರ್ಧಕ್ಕೆ ಒಡೆಯಿತು. ಮತ್ತೆ ತೆರೆದ, ಮತ್ತೆ ಒಡೆಯಿತು. ನಾನು ನಗಬೇಕಿತ್ತು, ನಗು ಬರಲಿಲ್ಲ.

“ನಾಳೆ ಗಿರಾಕಿ ನೋಡತೇನಿ, ಮಾರಿಬಿಡೂನು” ಅಂದ.

ಗಾಡಿ ಒಂದೇ ಸಮ ಹೋಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಒಂದು ದನಿ ಕೇಳಿತು. ಮಾಮಾ ಎಫ್ಎಮ್ ಹಚ್ಚಿದನೇ ಎಂದುಕೊಂಡೆ. ಆದರೆ ಆ ಗಾಡಿಯಲ್ಲಿ ರೇಡಿಯೋ ಎಲ್ಲಿದೆ? ಕಿಟಕಿಗೆ ಮುಖವಿಟ್ಟು ನೋಡಿದೆ. ಅತ್ತೆ ಹಾಡುತ್ತಿದ್ದಳು.

ಬೀಸುವ ಪದ. ದೇಗಾಂವದ ಅವಳ ತವರಿನಲ್ಲಿ ಅವಳವ್ವ ಬೀಸುವಾಗ ಹೇಳುತ್ತಿದ್ದದ್ದಿರಬೇಕು. ಮೊದಲು ಅಂಜಂಜುತ್ತ, ಆಮೇಲೆ ಗಾಡಿಯ ನಾದವನ್ನೇ ಹಿಡಿದುಕೊಂಡು, ಒಂದು ಕೂದಲೆಳೆಯಷ್ಟೂ ಆಚೀಚೆ ಆಗದೆ. ನಮ್ಮ ಮನೆತನದಲ್ಲಿ ಅತ್ತೆಗೆ ಹಾಡಲು ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲೂ ಇಲ್ಲ, ನಾನೂ ಕೇಳಿರಲಿಲ್ಲ. ಬುಟ್ಟಿಗಳ ನಡುವೆ ಕುಳಿತ ನನಗೆ ಅಳು ಬಂತು.

ಒಂದು ನುಡಿ ಮುಗಿದಾಗ ಮಾಮಾ ಮೆಲ್ಲಗೆ ಕೇಳಿದ: “ಇಷ್ಟ ವರ್ಷ ಯಾಕ ಹಾಡ್ಲಿಲ್ಲ ನೀ?”

“ನೀವು ಹಾಡೂದ್ರಾಗ ನನಗ ಸಂದ ಎಲ್ಲೆ ಕೊಟ್ರಿ?”

ಅತ್ತೆ ಮುಂದಿನ ನುಡಿ ಎತ್ತಿಕೊಂಡಳು. ಮಾಮಾ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ಉಸಿರು ಬಿಗಿಹಿಡಿದವನಂತೆ ನೆಟ್ಟಗೆ ನೋಡುತ್ತ ಗಾಡಿ ಹೊಡೆಯುತ್ತಿದ್ದ. ಊರಿಗೆ ತಿರುಗುವ ದಾರಿ ಬಂತು. ಗಾಡಿ ತಿರುಗಲಿಲ್ಲ, ರಾಮದುರ್ಗದ ಕಡೆಗೆ ಹಾಗೇ ಹೋಯಿತು.

ಅತ್ತೆ ಹಾಡು ನಿಲ್ಲಿಸಿ, “ರೀ, ಊರ ಹಿಂದ ಬಿತ್ತು” ಅಂದಳು.

“ಬೀಳ್ಲಿ” ಅಂದ ಮಾಮಾ. “ನೀ ಹಾಡು.”